ನೇಸರನನ್ನು ಕಾಯಿಸಲಾಗದ ಅಧಿಕಾರಿಗೆ

ಸಂಸ್ಥಾನದ ಕ್ರೀಡಾಧಿಕಾರಿಗಳೇ,

ತೇರದಾಳದ ಪಾರ್ಶ್ವನಾಥನನ್ನು ‘ದೇಹದಲ್ಲಿ ತ್ರಾಣವಿಲ್ಲ’ ಎಂಬ ಕಾರಣ ತೋರಿಸಿ ಸಂಸ್ಥಾನದ ಕಾಲ್ಚೆಂಡಿನ ತಂಡದಿಂದ ತೆಗೆದುಹಾಕಿದ್ದೀರಿ. ಆ ಕಾರಣ ಸುಳ್ಳು. ಸುಳ್ಳೆಂಬುದು ತಮಗೂ ಗೊತ್ತು, ಪಂದ್ಯದ ದಿನ ಮೈದಾನದಲ್ಲಿದ್ದ ಊರಿಗೆಲ್ಲ ಗೊತ್ತು; ಗೊತ್ತಿಲ್ಲದವರು ಪ್ರಭುಗಳೊಬ್ಬರೇ ಎಂದು ತೋರುವುದರಿಂದ ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತರ ಈ ತರುಣ ಆಟವನ್ನೇ ವೃತ್ತಿಯಾಗಿಸಿಕೊಂಡು ಸಂಸ್ಥಾನದ ಸಂಬಳಕ್ಕೆ ಸೇರಿದ್ದು ಕಳೆದ ದೀಪಾವಳಿಯಲ್ಲಿ. ಅವನ ಸ್ಥಾನ ನಡುಮೈದಾನ. ಮುಂದಿನವರು ಚೆಂಡಿಗಾಗಿ ಕಾಯಬಹುದು, ಹಿಂದಿನವರು ಎದುರಾಳಿಗಾಗಿ ಕಾಯಬಹುದು. ನಡುವಿನವನಿಗೆ ಕಾಯುವ ಸೌಕರ್ಯವಿಲ್ಲ. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರ ಕಾಲಿಗೆ ಮುಟ್ಟಿಸಬೇಕು. ಅವರು ಅದನ್ನು ಕಳೆದುಕೊಂಡರೆ ಮತ್ತೆ ಹಿಂದಕ್ಕೆ ಓಡಬೇಕು. ಕುರ್ಚಿಯಿಂದ ಏಳಲು ಇಬ್ಬರ ಆಸರೆ ಬೇಕಾಗುವ ತಾವು ಇಂಥವನ ತ್ರಾಣವನ್ನು ಅಳೆದ ಬಗೆ ಯಾವುದು?

ಮುಧೋಳದ ತಂಡದೊಡನೆ ಪಂದ್ಯ ನಾಲ್ಕು ಗಂಟೆಗೆಂದು ಡಂಗುರ ಸಾರಿಸಿದವರು ತಾವು. ನಾಲ್ಕಕ್ಕೆ ಆಟಗಾರರು ಬಂದರು, ಜನ ಬಂದರು, ನಾನೂ ಬಂದೆ. ತಮ್ಮ ಕುರ್ಚಿಯೂ ಬಂದಿತ್ತು. ತಾವು ಮಧ್ಯಾಹ್ನದ ನಿದ್ದೆ ಮುಗಿಸಿ ಆಗಮಿಸಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುವುದರಲ್ಲಿತ್ತು. ಪಾರ್ಶ್ವನಾಥ ಜೈನ. ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುವವನಲ್ಲ. ಈ ಸೀಮೆಯಲ್ಲಿ ಅಧಿಕಾರ ನಡೆಸುವವರಿಗೆ ಇದನ್ನು ಪಾಠ ಹೇಳಿ ತಿಳಿಸಬೇಕೆ?

ವಿರಾಮದಲ್ಲಿ ಅವನು ನೀರಿನ ಕೊಡದತ್ತ ಹೊರಟ. ತಾವು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣಕ್ಕೆ ತೊಡಗಿದಿರಿ. ಅದರಲ್ಲಿ ಅರ್ಧ ಮರಾಠಿ, ಅರ್ಧ ಇಂಗ್ಲಿಷು. ಕನ್ನಡಕ್ಕೆ ತಮ್ಮ ಕೆಮ್ಮು ಮಾತ್ರ ಉಳಿದಿತ್ತು. ತಂಡದ ನಾಯಕ ಜಕ್ಕಪ್ಪ ಕೈಮುಗಿದ.

“ಸಾಹೇಬ್ರ, ಇಂವಗ ಒಂದ ಗುಟುಕ ನೀರ ಕುಡಿಯಾಕ ಬಿಡ್ರಿ. ಹೊತ್ತ ಮುಳಗಾಕತ್ತೈತಿ.”

“ಮಾತ ಮುಗೀಲಿ. ನೀರ ಎಲ್ಲಿ ಓಡಿ ಹೋಗತೈತಿ?” ಎಂದಿರಿ ತಾವು, ಗದರಲು ಮಾತ್ರ ಕನ್ನಡಕ್ಕೆ ಇಳಿದು.

“ನೀರ ಓಡಂಗಿಲ್ರಿ. ಸೂರ್ಯಾ ಓಡತಾನ.”

ಹಿಂದಿನಿಂದ ಯಾರೋ, “ಅಲ್ಲೇ ನಿಂದ್ರಂತ ಸೂರ್ಯಾಗೂ ಒಂದ ಹುಕುಂ ಕಳಸ್ರಿ,” ಎಂದರು. ಜನ ನಕ್ಕರು. ನಕ್ಕವರನ್ನು ದಂಡಿಸಲೆಂದೋ ಏನೋ, ತಾವು ಭಾಷಣವನ್ನು ಇನ್ನಷ್ಟು ಬೆಳೆಸಿದಿರಿ. ಹೊತ್ತು ಮುಳುಗಿತು. ಆಮೇಲೆ ತಮಗೆ ಔದಾರ್ಯ ಉಕ್ಕಿತು; ಸ್ವಹಸ್ತದಿಂದ ಒಬ್ಬೊಬ್ಬರಿಗೂ ಶರಬತ್ತು ಕೊಡುತ್ತ ಬಂದಿರಿ.

“ಬ್ಯಾಡ್ರಿ ಸಾಹೇಬ್ರ. ಹೊತ್ತ ಮುಳಗೇತಿ,” ಎಂದು ಪಾರ್ಶ್ವನಾಥ ತಲೆ ತಗ್ಗಿಸಿದ.

“ನಾ ಕೊಟ್ರೂ ಬ್ಯಾಡೇನಲೇ?”

ಅವನು ಮೈದಾನಕ್ಕೆ ನಡೆದ. ಬೆಳಕಿರುವಷ್ಟಕ್ಕೆ ಮೊಟಕುಗೊಳಿಸಿದ ಮಿಕ್ಕ ಆಟವನ್ನು ಒಣನಾಲಗೆಯಲ್ಲೇ ಆಡಿದ. ಗೆಲುವಿನ ಚೆಂಡನ್ನು ಜಕ್ಕಪ್ಪನ ಕಾಲಿಗೆ ಒಪ್ಪಿಸಿ, ಕುಸಿದುಬಿದ್ದ. ಮಾರನೆಯ ದಿನ ತಮ್ಮ ಆಜ್ಞೆ ಹೊರಟಿತು. ಹಾಗಾದರೆ ತ್ರಾಣವಿಲ್ಲದ್ದು ಯಾರಿಗೆ? ಬಾಯಾರಿಯೂ ಆಡಿ ಗೆಲ್ಲಿಸಿದವನಿಗೋ, ಅವನು ಬೇಡವೆಂದ ಒಂದು ಲೋಟವನ್ನು ತಾಳಿಕೊಳ್ಳಲಾರದ ತಮಗೋ?

ಯುಗಾದಿಗೆ ಮುಧೋಳದವರು ಮತ್ತೆ ಬರುತ್ತಾರೆ. ಅಷ್ಟರಲ್ಲಿ ಆಜ್ಞೆಯನ್ನು ಹಿಂತೆಗೆದು ಅವನನ್ನು ಅವನ ಸ್ಥಾನದಲ್ಲಿ ನಿಲ್ಲಿಸಿ; ಕುರ್ಚಿ ತುಂಬಿರಲಿ, ಬಿಡಲಿ, ಸಾರಿದ ಹೊತ್ತಿಗೆ ಆಟ ಆರಂಭವಾಗಲಿ. ಅಂದು ಬಿದ್ದವನನ್ನು ಎತ್ತಿ ಕೂರಿಸಿದವನು ಮುಧೋಳದ ನಾಯಕ. “ನಮ್ಮ ಕಡೆ ಬಾರೋ ತಮ್ಮಾ, ನಾವು ಮೂರಕ್ಕ ಆಡ್ತೀವಿ,” ಎಂದು ಅವನು ಹೇಳಿದ್ದನ್ನು ನಾನು ಕೇಳಿದ್ದೇನೆ. ಹುಡುಗ ಇನ್ನೂ ಒಪ್ಪಿಲ್ಲ. ತಮ್ಮ ಉತ್ತರಕ್ಕಾಗಿ ಕಾದಿದ್ದಾನೆ. ತಾವು ಎಂದಿನಂತೆ ತಡಮಾಡಿದರೆ ಯುಗಾದಿಗೆ ಎದುರು ಪಕ್ಷದ ಅಂಗಿ ತೊಟ್ಟು ಬಂದಾನು. ತಾವು ಕಣ್ಣುಜ್ಜಿಕೊಳ್ಳುತ್ತ ಬರುವಷ್ಟರಲ್ಲಿ ನಾವು ಸೋತಿರುತ್ತೇವೆ.

ಇಂತಿ,
ನಾಲ್ಕೆಂದರೆ ನಾಲ್ಕಕ್ಕೇ ಬಂದು ಕೂರುವ ಕೆಟ್ಟ ಚಾಳಿಯ
ಗಿರಿಮಲ್ಲಪ್ಪ, ನಿವೃತ್ತ ಕನ್ನಡ ಶಿಕ್ಷಕ