ಹೆಸರು ಕೂಗದ ಕೋರ್ಟು

ರಾಜಗೋಪಾಲನಗರ, ಬೆಂಗಳೂರು
೧೨-೯-೧೯೮೫

ಚಿ. ಸೌ. ಸತ್ಯವತಿಗೆ ದ್ವಾರಕಾನಾಥನ ಆಶೀರ್ವಾದಗಳು.

ನಿನ್ನ ಸೊಂಟನೋವು ಹೇಗಿದೆ? ತೌರುಮನೆಯಲ್ಲವೇ ಎಂದು ಬಿಂದಿಗೆ ಎತ್ತಲು ಹೋಗಬೇಡ. ಪುಟ್ಟಿಯ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಅನ್ನ ಒಮ್ಮೊಮ್ಮೆ ಸೀದುಹೋಗುತ್ತದೆ, ಬೈಯುವವರಿಲ್ಲ, ಹಾಗೇ ತಿನ್ನುತ್ತೇನೆ. ಕೆಲಸದಿಂದ ತೆಗೆದು ಇಷ್ಟು ಕಾಲವಾದರೂ ಪೀಣ್ಯದ ಕಾರ್ಖಾನೆಯ ಸೈರನ್ ಕೂಗಿದರೆ ಈಗಲೂ ಎದ್ದು ಕೂರುತ್ತೇನೆ. ಮನೆ ಒಡತಿ ಸೊಣ್ಣಮ್ಮ, "ಅಮ್ಮಾವ್ರು ಯಾವಾಗ ಬತ್ತಾರೆ ಸಾಮಿ, ಇಂಗೆ ಒಬ್ರೇ ಇದ್ರೆ ಎಂಗೆ?" ಎಂದು ದಿನವೂ ಕೇಳುತ್ತಾಳೆ. ಕೇಸು ಮುಗಿಯಲಿ ಎನ್ನುತ್ತೇನೆ.

ಇವತ್ತು ನಮ್ಮ ಕೇಸು ಹೈಕೋರ್ಟಿನ ಫುಲ್ ಬೆಂಚಿಗೆ ಬಂದಿತ್ತು. ನಾವು ಗೆದ್ದದ್ದರ ಮೇಲೆ ಕಂಪನಿಯವರು ಅಪೀಲು ಹಾಕಿದ್ದರಲ್ಲ, ಅದನ್ನು ಕೇಳಿದ ಇಬ್ಬರು ಜಡ್ಜುಗಳು, ಹಿಂದಿನ ತೀರ್ಪುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಮೂವರು ಕೂತು ಹೇಳಲಿ ಎಂದು ಕಳಿಸಿದ್ದರು. ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ. ಲೇಬರ್ ಕೋರ್ಟಿನಲ್ಲಿ ನಾನು ಕಾಫಿಗೆ ಹೋದಾಗ ಹೆಸರು ಕೂಗಿ, ಆಸಾಮಿ ಇಲ್ಲವೆಂದು ಕೇಸು ವಜಾ ಮಾಡಿದ್ದು, ವಕೀಲ ಶ್ಯಾಮಣ್ಣ ಕಾಡಿ ಬೇಡಿ ಅದನ್ನು ಮತ್ತೆ ವಿಚಾರಣೆಗೆ ತೆಗೆಸಿದ್ದು ನಿನಗೆ ನೆನಪಿರಬೇಕು. ಅಂದಿನಿಂದ ಒಂದು ವಾಯಿದೆಯನ್ನೂ ತಪ್ಪಿಸಿದವನಲ್ಲ ನಾನು. ನಿಮ್ಮಣ್ಣ ಮದ್ದೂರಿನ ವರ್ಕ್‌ಶಾಪಿನಲ್ಲಿ ಕೆಲಸ ನೋಡಿ ಕರೆದಾಗಲೂ ಅದಕ್ಕೇ ಬರಲಿಲ್ಲ.

ನಂಬರು ಕೂಗಿದ ಕೂಡಲೇ ಎದ್ದು ಕೈಮುಗಿದು ನಿಂತೆ. ವಕೀಲರು ವಾದ ಶುರು ಮಾಡಿದರು, ನಾನು ನಿಂತೇ ಇದ್ದೆ. ನಡುವೆ ಕೂತಿದ್ದ ಜಡ್ಜು ಕನ್ನಡಕ ತೆಗೆದು, "ಅವರ್ಯಾರು, ಯಾಕೆ ನಿಂತಿದ್ದಾರೆ?" ಎಂದರು. ನಮ್ಮ ಪಾರ್ಟಿ ಎಂದರು ಶ್ಯಾಮಣ್ಣ. "ಕೂತ್ಕೊಳ್ಳಿ. ಇಲ್ಲಿಗೆ ನೀವು ಬರಲೇಬೇಕು ಅಂತೇನಿಲ್ಲ" ಎಂದರು ಜಡ್ಜು, ಪಾಪ, ಮೆತ್ತಗೇ ಹೇಳಿದರು. ಆಮೇಲೆ ಸಂಜೆಯವರೆಗೆ ಮಾತು. ವಿಚಾರಣೆಯಿಲ್ಲದೆ ತೆಗೆದವರನ್ನು ವಾಪಸು ಸೇರಿಸಿಕೊಳ್ಳಲೇಬೇಕೇ ಎಂಬ ಒಂದು ಪ್ರಶ್ನೆಗೆ ಮಾತ್ರ ಮೂವರೂ ಉತ್ತರ ಬರೆಯುತ್ತಾರಂತೆ. ಮತ್ತೆ ಕೇಸು ಆ ಇಬ್ಬರ ಹತ್ತಿರವೇ ಹೋಗುತ್ತದಂತೆ. ಇಡೀ ದಿನದಲ್ಲಿ ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ಹೊರಗೆ ಬಂದು ಶ್ಯಾಮಣ್ಣನವರನ್ನು ಕೇಳಿದೆ. "ಅಪೀಲಲ್ಲಿ ನಾವು ವಕೀಲ್ರು ಮಾತಾಡಿದ್ರೆ ಸಾಕು ಕಣ್ರೀ. ಪ್ರತಿ ಸಲ ಬರ್ತಿದ್ರಲ್ಲ, ಈ ಕಡೆ ಬೇರೆ ಏನೋ ಕೆಲ್ಸ ಇರುತ್ತೆ ಅನ್ಕೊಂಡಿದ್ದೆ" ಎಂದರು. ಅವರ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೇ ಬಂತು. ನಿಮ್ಮಿಬ್ಬರನ್ನೂ ಬಿಟ್ಟು ಇಷ್ಟು ವರ್ಷ ನಾನು ಇಲ್ಲಿ ಯಾರಿಗಾಗಿ ಕಾದು ಕೂತಿದ್ದೆ? ಬಸ್ಸಿನಲ್ಲಿ ಬರುವಾಗ ತುಂಬಾ ಒಂಟಿ ಅನ್ನಿಸಿತು ಸತ್ಯಾ. ಬಂದು ಅನ್ನಕ್ಕೆ ಇಟ್ಟು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು.

ಇಂತಿ,
ದ್ವಾರಕಾನಾಥ

ಮತ್ತೆ: ವರ್ಕ್‌ಶಾಪಿನ ಕೆಲಸ ಇನ್ನೂ ಇದೆಯೇ ಎಂದು ನಿಮ್ಮಣ್ಣನನ್ನು ವಿಚಾರಿಸು. ಇಲ್ಲದಿದ್ದರೂ ಪರವಾಗಿಲ್ಲ. ಮೊದಲೆಲ್ಲ ನೀನು ಪ್ರತಿ ಪತ್ರದಲ್ಲೂ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದೆ. ನಿನ್ನ ಹೋದ ಪತ್ರದಲ್ಲಿ ಕೇಳಿಲ್ಲ, ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇನ್ನೊಂದು ಸಲ ಕೇಳು.