ಹೊನ್ನಮ್ಮ ಕಾಗೆಗೆ ಹೇಳಿದ ಕಥೆ

ಅಂಕೋಲಾ
14 ಡಿಸೆಂಬರ್ 2006

ಮಗಳು ಪೂರ್ಣಿಮಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಕಾಲನಿಯ ಮೂರನೇ ಸಾಲಿನ ಮುದುಕಿ ಹೊನ್ನಮ್ಮ. ಹೇಳಿದ್ದು ಹೋದ ಶುಕ್ರವಾರ ಮಧ್ಯಾಹ್ನ, ಮೀನು ಒಣಗಿಸುವ ಅಂಗಳದಲ್ಲಿ. ಕಥೆಗೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ. ಮೊಮ್ಮಗಳಿಗೆ ಹಲ್ಲು ಬಂತೆಂದು ಓದಿ ಖುಷಿಯಾಯಿತು. ನಿಮ್ಮ ಮಾಜಾಳಿಯಲ್ಲಿ ಎಷ್ಟೇ ತಾಜಾ ಮೀನು ಸಿಗಲಿ, ಮುಳ್ಳಿನದು ಈಗಲೇ ಕೊಡಬೇಡಿ.

"ಅವ್ವಿ ಯಾಕೆ ಫೋನಿಗೆ ಬರುವುದಿಲ್ಲ?" ಎಂದು ನಿನ್ನ ತಾಯಿಯ ಬಗ್ಗೆ ಕೇಳಿದ್ದೀಯ. ಫೋನು ಇರುವುದು ಏಕಮತ ಸಮಿತಿಯ ಕೋಣೆಯಲ್ಲಿ. ಅವಳಿಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ.

ನಮ್ಮನ್ನು ಕಡಲ ದಂಡೆಯಿಂದ ಎಬ್ಬಿಸಿ ಈ ಕಾಲನಿಗೆ ತಂದಾಗ, ಬಾಗಿಲುಗಳಿಗೆಲ್ಲ ಒಂದೇ ಬಣ್ಣ ಇರಲಿ ಎಂದಿತು ಸಮಿತಿ. ಆಮೇಲೆ ದೀಪ ಆರಿಸಲು ಒಂದೇ ಗಂಟೆ ಬಾರಿಸಿತು. ನಾವು ನಕ್ಕು ಒಪ್ಪಿದೆವು. ಈ ಸಲ ಮೀನು ಮಾರುವ ಹೆಂಗಸರ ಸರದಿ. ಎಲ್ಲರೂ ಹಸಿರು ಸೀರೆ ಉಟ್ಟು, ಎದೆಗೆ ನಂಬರು ಹಚ್ಚಿಕೊಂಡು, ಸಾಲಾಗಿ ಕೂರಬೇಕು. ಯಾರೂ ಕೂಗಬಾರದು. ಏಳು ಗಂಟೆಗೆ ಧ್ವನಿವರ್ಧಕವೇ ಎಲ್ಲರ ಪರವಾಗಿ "ಮೀನು ಬಂದಿದೆ" ಎನ್ನುತ್ತದೆ. ತಪ್ಪಿದವರಿಗೆ ಮಾತು ಬಂದ್. ಅವರೊಡನೆ ಯಾರೂ, ಮನೆಯವರು ಸಹ, ಮಾತಾಡುವಂತಿಲ್ಲ.

ನೀನು ಮೊದಲ ಸಲ ಬುಟ್ಟಿ ಹೊತ್ತ ದಿನ ಅವ್ವಿ ಹೇಳಿದ್ದು ನೆನಪಿದೆಯೇ? "ಬುಟ್ಟಿ ನಂದು ತಕೋ, ಬೀದಿ ನಂದು ತಕೋ. ಕೂಗು ಮಾತ್ರ ನಿಂದೇ ಆಗ್ಬೇಕು ತಂಗಿ. ಬಾಗ್ಲು ತೆಗೆಯೂಕಿಂತ ಮೊದ್ಲೇ ಬಂದವ್ಳು ಯಾರು ಅಂತ ಗೊತ್ತಾಗ್ಬೇಕು." ಅಂಥವಳು ಸುಮ್ಮನಿರುತ್ತಾಳೆಯೇ? ಎರಡನೇ ದಿನವೇ ಕೆಂಪು ಸೀರೆ ಉಟ್ಟು, "ಕಣ್ ಬಿಟ್ಕಂಡಿರೋ ಬಂಗಡೇ... ನಿಮ್ಮನ್ನೇ ನೋಡ್ತದ್ಯೇ!" ಎಂದು ಬೀದಿ ತುಂಬ ಕೂಗಿದಳು. ಸಮಿತಿಯ ಕಾವಲುಗಾರ ಜಟ್ಟಪ್ಪ ಸೀಟಿ ಊದಿದ. ಸಂಜೆ ಧ್ವನಿವರ್ಧಕದಲ್ಲಿ ಅವಳ ಹೆಸರು ಬಂತು: ದುರ್ಗಿ. ತಪ್ಪಾಯಿತು ಎನ್ನುವವರೆಗೂ ಮಾತು ಬಂದ್. ಅವಳು ಎನ್ನಲಿಲ್ಲ. ಇಪ್ಪತ್ಮೂರು ದಿನ ಹೋಯಿತು.

ಆ ಶುಕ್ರವಾರ ಅಂಗಳದ ಒಂದು ಮೂಲೆಯಲ್ಲಿ ಅವಳು, ಇನ್ನೊಂದರಲ್ಲಿ ಉಳಿದ ಹೆಂಗಸರು. ನಾನು ಬೇಲಿಯಾಚೆ ಬಲೆ ಸರಿಮಾಡುತ್ತಿದ್ದೆ. ಹೊನ್ನಮ್ಮ ಕಾಗೆ ಓಡಿಸುವ ಕೋಲು ಹಿಡಿದು ನಟ್ಟನಡುವೆ ಕೂತು, "ಯೇ ಕಾಗೀ, ಒಂದ್ ಕಥೆ ಹೇಳ್ತೆ ಕೇಳು" ಎಂದಳು.

ಜಟ್ಟಪ್ಪ ಓಡಿ ಬಂದ. "ಯಾರ ಸಂಗ್ತಿಗೆ ಮಾತಾಡ್ತ್ಯೇ ಮುದ್ಕಿ?"

"ಕಾಗೆ ಸಂಗ್ತಿಗೆ. ಅದ್ಕೂ ನಂಬರ್ ಹಚ್ತ್ಯನಾ? ಹಿಡಿ ನೋಡ್ವಾ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಒಬ್ಬ ರಾಜನಿಗೆ ಹಕ್ಕಿಗಳ ಗದ್ದಲ ಆಗುತ್ತಿರಲಿಲ್ಲವಂತೆ. ಎಲ್ಲವೂ ಪಾರಿವಾಳದ ಹಾಗೆ ಗುಟುರು ಹಾಕಬೇಕೆಂದು ಡಂಗುರ ಸಾರಿಸಿದ. ಹುಂಜವೂ ಗುಟುರು ಹಾಕಿತು, ಊರು ಮಧ್ಯಾಹ್ನದವರೆಗೆ ಮಲಗಿತು. ಕಡಲ ಹಕ್ಕಿಯೂ ಗುಟುರು ಹಾಕಿತು, ಮೀನಿನ ಹಿಂಡು ಎಲ್ಲಿದೆಯೆಂದು ತಿಳಿಯದೆ ದೋಣಿಗಳು ಬರಿದೇ ಬಂದವು. ಒಂದು ದಿನ ಒಂದು ಹೇಂಟೆ ಮೊಟ್ಟೆ ಇಟ್ಟಿತು. ಮೊಟ್ಟೆ ಇಟ್ಟ ಮೇಲೆ ತಡೆಯಲಾಗುತ್ತದೆಯೇ? ಕೂಗಿಯೇಬಿಟ್ಟಿತು. ರಾಜನ ಭಟರು ಈಟಿ ಹಿಡಿದು ಬಂದು ಕೇಳಿದರು: "ಯಾರು ಕೂಗಿದ್ದು?"

ಹೊನ್ನಮ್ಮ ಅಲ್ಲಿಗೆ ನಿಲ್ಲಿಸಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

"ಮುಂದೆ ಎಂತಾ ಆಯ್ತೇ?" ಎಂದು ಹೆಂಗಸರ ಮೂಲೆಯಿಂದ ಕಾಶಿ ಕೇಳಿದಳು.

"ನಂಗೆ ಇಷ್ಟೇ ಬತ್ತದೆ. ಮುಂದಿಂದು ಕೇಳ್ದವ್ರು ಹೇಳೂದು."

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಧ್ವನಿವರ್ಧಕ "ಮೀನು..." ಎನ್ನುವಷ್ಟರಲ್ಲಿ ನಿನ್ನ ಅವ್ವಿ ಕೂಗಿದಳು. ಜಟ್ಟಪ್ಪ ಸೀಟಿ ಊದಿ, "ಯಾರು ಕೂಗಿದ್ದು?" ಎಂದು ಗದರಿದ. ಸಾಲಿನಿಂದ ಕಾಶಿ ಸೀಗಡಿ ಬುಟ್ಟಿ ಎತ್ತಿಕೊಂಡು ಎದ್ದಳು. "ಮೀಸೆ ತಿರುವೋ ಶೆಟ್ಲಿಯೇ..." ಎಂದು ಅವನ ಮೀಸೆಯನ್ನೇ ನೋಡುತ್ತ ಕೂಗಿದಳು. ಮಾದೇವಿ ನಂಬರು ಕಿತ್ತು ಬುಟ್ಟಿಗೆ ಎಸೆದು ತನ್ನ ಕೂಗು ಕೂಗಿದಳು. ಹಾಗೆ ಹದಿನಾಲ್ಕು ಹೆಂಗಸರು, ಹದಿನಾಲ್ಕು ಕೂಗು. ಧ್ವನಿವರ್ಧಕ ನಡುವೆಯೇ ನಿಂತುಹೋಯಿತು. ಸಾಲುಸಾಲಾಗಿ ಬಾಗಿಲುಗಳು ತೆರೆದವು. ಯಾರ ಹೆಸರು ಬರೆಯಬೇಕೆಂದು ತಿಳಿಯದೆ ಜಟ್ಟಪ್ಪ ಪುಸ್ತಕ ಮಡಚಿದ. ಹೆಂಗಸರು ಬುಟ್ಟಿ ಹೊತ್ತು ತಮ್ಮತಮ್ಮ ಬೀದಿಗೆ ನಡೆದರು.

ಅಳಿಯನಿಗೂ ಕೂಸಿಗೂ ಆಶೀರ್ವಾದ. ಆ ಕೂಸು ಎಷ್ಟು ಜೋರಾಗಿ ಅತ್ತರೂ ಬಾಯಿ ಮುಚ್ಚಿಸಬೇಡ.

ಇಂತಿ ನಿನ್ನ ಅಪ್ಪ,
ಬಾಬು

ತಾ.ಕ.: ಧ್ವನಿವರ್ಧಕದಲ್ಲಿ ಓದುವ ಕೆಲಸ ನನ್ನದಾಗಿತ್ತು. ಸ್ವರ ಚೆನ್ನಾಗಿದೆಯೆಂದು ಸಮಿತಿಯವರು ಹೊಗಳಿದಾಗ ಉಬ್ಬಿ ಒಪ್ಪಿಕೊಂಡಿದ್ದೆ. ನಿನ್ನ ಅವ್ವಿಯ ಹೆಸರು ಓದಿದವನು ನಾನೇ. ಇಪ್ಪತ್ಮೂರು ದಿನ ಅವಳು ಬಡಿಸಿದ ಗಂಜಿ ಉಂಡು ಮಾತಾಡದೆ ಎದ್ದವನೂ ನಾನೇ. ಶನಿವಾರ ಮೈಕಿನ ತಂತಿ ಕಿತ್ತು ಮನೆಗೆ ಬಂದು "ದುರ್ಗೀ" ಎಂದೆ. ಗಂಜಿ ಬಡಿಸಿದಳು, ಮಾತಾಡಲಿಲ್ಲ. ಇವತ್ತಿಗೆ ಆರನೇ ದಿನ. ಬೆಳಿಗ್ಗೆ ಅವಳ ಕೂಗು ಕೇಳಿದಾಗ ಎಲ್ಲರ ಹಾಗೆ ನಾನೂ ಬಾಗಿಲು ತೆರೆದು ನಿಲ್ಲುತ್ತೇನೆ. ನಮ್ಮ ಮನೆಯ ಮುಂದೆ ಬಂದಾಗ ಅವಳು ಕೂಗು ನಿಲ್ಲಿಸಿ ದಾಟಿ ಹೋಗುತ್ತಾಳೆ.