ಬೇಗಂ ಕಾಲು ಮುರಿದವನು

ರಾಮನಗರ
೧೮-೧೧-೧೯೯೫

ಪ್ರೀತಿಯ ರಾಮಲಿಂಗ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಎಷ್ಟು ಬೇಕೋ ಅಷ್ಟು ಬೈದುಕೋ. ಉಯ್ಯಂಬಳ್ಳಿಯಲ್ಲಿ ನಿನ್ನ ಮಂಡಿನೋವು ಒಸಿ ಇಳಿದಿದೆ ಅಂತ ಓದಿ ಹೇಳಿದಾಗ ಖತೀಜಾ ಅಲ್ಲಾಹನಿಗೆ ಶುಕರ್ ಹೇಳಿದಳು. ನಾವಿಬ್ಬರೂ ಆರಾಮ. ನೀನು ಕೊಟ್ಟ ಹೆಬ್ಬಾತು, ನಮ್ಮ ಬೇಗಂ, ಬದುಕಿದ್ದಾಳೆ. ಅದನ್ನೇ ಮೊದಲು ಬರೆಯಬೇಕಿತ್ತು, ನೀನು ಕೇಳಿದ್ದೂ ಅದನ್ನೇ.

ಗೂಡಿನ ಮಾರುಕಟ್ಟೆಗೆ ಬಂದ ನಿಮ್ಮೂರವರ ಬಾಯಲ್ಲಿ ಸುದ್ದಿ ಕೇಳಿ, ಬೈಕಿನಲ್ಲಿ ಬಂದು ಅವಳ ಕಾಲು ಮುರಿದವನ ಹೆಸರನ್ನೂ ಕೇಳಿದ್ದೀಯ. 'ಯಾರ್ಲಾ ಅವ್ನು, ಹೇಳು, ಕುಂಟ್ಕಂಡಾದ್ರೂ ಬತ್ತೀನಿ' ಅಂತ ಬರೆದಿದ್ದೀಯ. ಅಂಥವನಿಗೆ ಹೆಸರು ಬೇರೆ ಕೇಡು. ಹೊಸ ಬೈಕು, ಕಪ್ಪು ಕನ್ನಡಕ, ಕೊರಳಿಗೆ ಕರ್ಚೀಫು. ಅದರ ಮೇಲೆ ತಲೆ ಅಂತ ಒಂದಿತ್ತು, ಇದ್ದೂ ಏನು ಪ್ರಯೋಜನ. ಬಾತು ಬಾಗಿಲ ಮುಂದೆ ಚರಂಡಿ ಕೆದಕುತ್ತಿತ್ತು. ಹಾರನ್ ಒತ್ತಿಕೊಂಡು ಬಂದ, ಹೊಡೆದ, ನಿಲ್ಲದೆ ಹೋದ. ಅಷ್ಟೇ ಅವನ ಪುರಾಣ.

ದನದ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರು ಇರಲಿಲ್ಲ, ಅವರು ಇರುವ ದಿನ ಯಾವುದು ಅಂತ ದನಗಳಿಗೂ ಗೊತ್ತಿಲ್ಲ. ಕಾಂಪೌಂಡರ್ ಮಹಾಶಯ ಪೇಪರಿನಿಂದ ಕಣ್ಣೆತ್ತದೆ, ಬಾತಿಗೆಲ್ಲ ಯಾರು ಪ್ಲಾಸ್ಟರ್ ಹಾಕುತ್ತಾರೆ ಸಾಹೇಬರೇ, ಮನೆಗೆ ಹೋಗಿ ಮಸಾಲೆ ಅರೆಸಿ ಅಂದ. ಅಂದು ತಾನೇ ನಕ್ಕ. ಬೇಗಂ ಅವನ ರಿಜಿಸ್ಟರಿನ ಮೇಲೆ ಹಿಕ್ಕೆ ಹಾಕಿದಳು. ನಾನು ಒರೆಸದೆ ಎದ್ದು ಬಂದೆ.

ಪಕ್ಕದ ಮನೆಯ ಜಬ್ಬಾರನದು ಇನ್ನೊಂದು ಥರ. ದಿನಾ ಸಂಜೆ ಬಂದು ಯೋಗಕ್ಷೇಮ ವಿಚಾರಿಸುತ್ತಿದ್ದ. ತಾನಾಗಿ ಸತ್ತರೆ ಯಾರಿಗೂ ಉಪಯೋಗವಿಲ್ಲ ಭಾಯಿ, ಜೀವ ಇರುವಾಗಲೇ ಹಲಾಲ್ ಮಾಡಿಬಿಡು ಅಂತ ಉಪದೇಶ. ಅವನ ಕಣ್ಣು ಅವಳ ಮುರಿದ ಕಾಲಿನ ಮೇಲಲ್ಲ, ತೊಡೆಯ ಮೇಲೆ. ಖತೀಜಾ ಒಂದು ಕೈಯಲ್ಲಿ ಪೊರಕೆ ಹಿಡಿದೇ ಅವನಿಗೆ ಟೀ ಕೊಟ್ಟಳು.

ಇವರನ್ನೆಲ್ಲ ಬೈದಾಯಿತು, ಈಗ ನನ್ನ ಬುದ್ಧಿವಂತಿಕೆ ಕೇಳು. ಮೂವತ್ತೆಂಟು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದವನು ನಾನು. ರೇಷ್ಮೆಗಿಂತ ಗಟ್ಟಿ ಯಾವುದಿದೆ ಅನ್ನುವ ದೌಲತ್ತಿನಲ್ಲಿ, ಬೇಸಿನ್ನಿನಿಂದ ಆಗತಾನೇ ಎಳೆದ ಹಸಿ ನೂಲನ್ನೇ ಅವಳ ಕಾಲಿಗೆ ಸುತ್ತಿದೆ. ಹಸಿ ನೂಲಿನಲ್ಲಿ ಗೋಂದು ಇರುತ್ತದೆ, ಒಣಗಿದರೆ ಬಿಗಿಯುತ್ತದೆ ಅನ್ನುವುದು ನಮ್ಮ ಕೇರಿಯ ಕೂಸುಗಳಿಗೂ ಗೊತ್ತು. ಮಾರನೆಯ ದಿನ ನೋಡಿದರೆ ನೂಲು ತಂತಿಯಾಗಿದೆ, ಒಳಗೆ ಕಾಲು ಊದಿದೆ, ಪಾದ ಕಪ್ಪಗಾಗುತ್ತಿದೆ. ಬೇಗಂ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. 'ನಿಮ್ಮ ಕೈಗೆ ಹುಳ ಸಿಕ್ರೆ ಬೇಯಿಸ್ತೀರ, ಬಾತು ಸಿಕ್ರೆ ನೇಣು ಹಾಕ್ತೀರ' ಅಂದಳು ಖತೀಜಾ.

ಅವಳೇ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಎಳೆ ಎಳೆಯಾಗಿ ನೂಲು ಬಿಡಿಸಿದಳು. ಮಧ್ಯಾಹ್ನದ ನಮಾಜು ಮುಗಿಸಿ ಕೂತವಳು ಏಳುವಾಗ ಸಂಜೆ. ಆಮೇಲೆ ಬಿದಿರಿನ ಸೀಳು ಇಟ್ಟು ತನ್ನ ಹಳೇ ದುಪಟ್ಟಾ ಹರಿದು ಕಟ್ಟಿದಳು. ಐದು ವಾರ ಬೇಗಂ ಅಡುಗೆಮನೆಯ ಮಂಕರಿಯಲ್ಲಿ ಕೂತು, ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ ತಿಂದು, ನಮಗೇ ದರ್ಬಾರು ತೋರಿಸಿದಳು. ನೀರಿಲ್ಲದೆ ಸೊರಗಿಯಾಳು ಅಂತ ದಿನಾ ಬಟ್ಟೆ ಒಗೆಯುವ ಟಬ್ಬಿನಲ್ಲಿ ಹೊಟ್ಟೆಗೆ ಕೈ ಕೊಟ್ಟು ತೇಲಿಸಿದೆ. ಆ ಉಪಕಾರಕ್ಕೆ ನನ್ನ ಮೊಣಕೈ ಕುಕ್ಕಿದಳು. ನಿನ್ನೆ ಶುಕ್ರವಾರ ತಾನಾಗಿ ಎದ್ದು ನಡೆದಳು ಕಣಯ್ಯ. ಹೆಜ್ಜೆ ವಾರೆ, ಆದರೂ ಜಬ್ಬಾರನನ್ನು ಬೀದಿಯವರೆಗೆ ಅಟ್ಟಿದಳು. ಖತೀಜಾ ನಗುತ್ತಾ ಅತ್ತಳು, ನನಗೂ ಕಣ್ಣು ತುಂಬಿತು.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಶಿವಲಿಂಗಮ್ಮನಿಗೆ ನಮ್ಮಿಬ್ಬರ ಸಲಾಂ. ಮೇಲಿನವನು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ
ಇದ್ರೀಸ್

ವಿ.ಸೂ: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನಿಲ್ಲದೆ ಹೋದ ಅಂತ ಮೇಲೆ ಬರೆದಿದ್ದೇನೆ, ಅದು ಸುಳ್ಳು. ನಿಂತ. ಅವನು ನಿನ್ನ ಮಗ. ಮಾರುಕಟ್ಟೆಯಲ್ಲಿ ನಿಮ್ಮ ಗೂಡು ಮಾರಿ ಊರಿಗೆ ಹೊರಟಿದ್ದ. ಹಿಂದೆ ಕೂತಿದ್ದ ಗೆಳೆಯ ಇಳಿದು, ಪಾಪ, ಯಾರದ್ದು ಅಂತ ಕೇಳೋಣ ಅಂದ. ನಿನ್ನ ಮಗ ಬಾಗಿಲಲ್ಲಿದ್ದ ನನ್ನ ಮುಖ ನೆಟ್ಟಗೆ ನೋಡಿದ. 'ಸಾಬ್ರುದು ಕಣ್ಲಾ, ಹತ್ತು' ಅಂದ. ಚಿಕ್ಕವನಿದ್ದಾಗ ನಿನ್ನ ಜೊತೆ ಬಂದು ಖತೀಜಾಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದವನು. ಅವಳಿಗೆ ನಾನು ಹೇಳಿಲ್ಲ. ಮಾರುಕಟ್ಟೆಗೆ ಬಂದರೂ ಮನೆಗೆ ಯಾಕೆ ಬರುವುದಿಲ್ಲ ಅವನು ಅಂತ ಈಗಲೂ ಕೇಳುತ್ತಾಳೆ. ಅವನನ್ನು ಹೊಡೆಯಬೇಡ, ಬೈಯಲೂ ಬೇಡ. 'ಇದ್ರೀಸ್ ಮಾವಂದು' ಅಂದಿದ್ದರೆ ಸಾಕಿತ್ತು ರಾಮಲಿಂಗ, ಒಳಗೆ ಕರೆದು ಟೀ ಕುಡಿಸಿ ಕಳಿಸುತ್ತಿದ್ದೆ.